ಮುಚ್ಚಳದ ಬ್ರೆಡ್ ಡಬ್ಬಿ

ಅಂಗಡಿಯವನು ಎರಡು ಡಬ್ಬಿಗಳನ್ನು ಕೌಂಟರಿನ ಮೇಲೆ ಅಕ್ಕಪಕ್ಕ ಇಟ್ಟು ಚಹಾ ತರಿಸಿಕೊಳ್ಳಲು ಹಿಂದಕ್ಕೆ ಹೋದ. ರೇಣುಕಾ ಅವುಗಳ ಮುಂದೆ, ಬೋರ್ಡಿನ ಮೇಲಿನ ಲೆಕ್ಕ ಬಾರದ ಹುಡುಗಿಯ ಹಾಗೆ ನಿಂತಳು. ಒಂದು, ಒಂದೇ ತಗಡನ್ನು ಒತ್ತಿ ಮಾಡಿದ್ದು. ಒಳಗೆ ಮಡಿಕೆ ಇಲ್ಲ, ಮೂಲೆ ಇಲ್ಲ. ಬೆರಳಾಡಿಸಿದರೆ ಬಟ್ಟಲಿನಲ್ಲಿ ಆಡಿಸಿದ ಹಾಗೆ ನುಣ್ಣಗೆ ಜಾರುತ್ತಿತ್ತು. ಆದರೆ ಅದಕ್ಕೆ ಮುಚ್ಚಳವಿರಲಿಲ್ಲ. ಇನ್ನೊಂದು ಉದ್ದನೆಯ ಪೆಟ್ಟಿಗೆ. ತಗಡನ್ನು ಕಾಗದದ ಹಾಗೆ ಮಡಚಿ ಮೂಲೆ ಕಟ್ಟಿದ್ದರು, ಅಂಚನ್ನು ಸುರುಳಿ ಸುತ್ತಿದ್ದರು, ಆ ಸುರುಳಿಯೊಳಗೆ ಮುಚ್ಚಳ ಜಾರಿ ಕೂರುತ್ತಿತ್ತು. ಮುಚ್ಚಳ ಬೇಕೇ ಬೇಕು, ಯಾಕೆಂದರೆ ಓವನ್ ಹಳೆಯದು. ಮಡಿಕೆ ಇರಲೇಬಾರದು, ಯಾಕೆಂದರೆ ಮಡಿಕೆಯಲ್ಲಿ ಒಮ್ಮೆ ಹಿಟ್ಟು ಕೂತರೆ ದೇವರು ಬಂದರೂ ತೆಗೆಯಲಾರ. ಎರಡೂ ಗುಣ ಒಂದೇ ಡಬ್ಬಿಯಲ್ಲಿ ಸಿಗುವುದಿಲ್ಲವೆಂದು ಸಿಕಂದರಾಬಾದಿನ ಈ ಪಾತ್ರೆ ಸಾಲಿನ ಅಂಗಡಿಗಳೆಲ್ಲ ಬೆಳಗಿನಿಂದ ಹೇಳಿದ್ದವು. ಮುಚ್ಚಳದ್ದು ಇದ್ದುದೇ ಈ ಒಂದು ಅಂಗಡಿಯಲ್ಲಿ, ಅದೂ ಇದನ್ನು ಬಿಟ್ಟರೆ ಹಿಂದೆ ಎರಡೇ ಉಳಿದಿದ್ದವು. ಇದು ಕೇಕಿಗೇನು ಎಂದು ಅವನು ಹಿಂದಿಯಲ್ಲಿ ಕೇಳಿದಾಗ ಅವಳು ತನ್ನ ಮುರುಕು ಹಿಂದಿಯಲ್ಲಿ, ಬ್ರೆಡ್ಡಿಗೆ, ಗೋಧಿಯದಲ್ಲ, ಮೈದಾದ್ದೂ ಅಲ್ಲ, ಜೋಳದ್ದು ಎಂದಿದ್ದಳು. ಅವನು ಒಳಗೆ ಕೂತವನ ಕಡೆ ತಿರುಗಿ "ಗೋಧುಮ ಲೇನಿ ಬ್ರೆಡ್ ಅಂಟ", ಗೋಧಿ ಇಲ್ಲದ ಬ್ರೆಡ್ಡಂತೆ, ಎಂದು ನಕ್ಕಿದ್ದ. ತೆಲುಗು ಅವಳಿಗೆ ಪೂರ್ತಿ ಬರದಿದ್ದರೂ, ತನ್ನನ್ನು ಕಂಡು ನಗುವುದು ಯಾವ ಭಾಷೆಯಲ್ಲಿದ್ದರೂ ತಿಳಿಯುತ್ತಿತ್ತು.

ಹೋದ ವಾರ ಶರ್ವರಿ ಕೇಳಿದ್ದಳು. ಕೇಳಿದ್ದಳು ಎಂಬುದೇ ದೊಡ್ಡ ಮಾತು. ರೇಣುಕಾಳ ಗಂಡ ಶ್ರೀನಿವಾಸನ ಮೊದಲ ಹೆಂಡತಿ ನಲಿನಿಯ ಮಗಳು ಅವಳು. ನಲಿನಿ ತೀರಿಕೊಂಡ ಮೇಲೆ ರೇಣುಕಾ ಮಲ್ಕಾಜ್‌ಗಿರಿಯ ಆ ಮನೆಗೆ ಬಂದಾಗ ಹುಡುಗಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ, ಈಗ ಐದನೆಯ ಇಯತ್ತೆ. ಇಷ್ಟು ವರ್ಷದಲ್ಲಿ ಹುಡುಗಿ ಇವಳನ್ನು ಏನೂ ಎಂದು ಕರೆದಿರಲಿಲ್ಲ. ಅವ್ವ ಅನ್ನಲಿಲ್ಲ, ಚಿಕ್ಕಮ್ಮನೆಂದು ಮೌಶಿಯೂ ಅನ್ನಲಿಲ್ಲ. ಎದುರಿಗೆ ಬಂದು ನಿಲ್ಲುವಳು, ಇವಳು ತಿರುಗಿ ನೋಡುವವರೆಗೆ ಕಾಯುವಳು, ಆಮೇಲೆ ಮಾತು. ಅವತ್ತೂ ಹಾಗೆಯೇ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ನೀವು ಬ್ರೆಡ್ ಮಾಡ್ತೀರೇನ್ರಿ? ಗೋಧಿ ಇಲ್ಲದ್ದು?" ರೇಣುಕಾಳ ಬಾಯಿ ಯಾವತ್ತೂ ಮನಸ್ಸಿಗಿಂತ ಮುಂದೆ. "ಬ್ರೆಡ್ ಯಾಕ? ದಿನಾ ಬಿಸಿ ರೊಟ್ಟಿ ಬಡದು ಹಾಕಾಕತ್ತೀನಲ್ಲ, ಅದು ಸಾಲವಲ್ದೇನು?" ಎಂದುಬಿಟ್ಟಿದ್ದಳು. ಹುಡುಗಿ ಹೊರಡಲು ತಿರುಗಿದಳು. ಜೋಳದ ರೊಟ್ಟಿ ಶಾಲೆಯ ಡಬ್ಬಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹಪ್ಪಳವಾಗುತ್ತದೆ, ಮುರಿದರೆ ಚೂರು ಪಕ್ಕದವಳ ಪುಸ್ತಕದ ಮೇಲೆ ಹಾರುತ್ತದೆ ಎಂಬುದು ರೇಣುಕಾಗೆ ಆಮೇಲೆ ಹೊಳೆಯಿತು. ಹೋಗುವಾಗ ಹುಡುಗಿ ಮೇಲೆ ನೋಡಿ, "ಅಟ್ಟದ ಮ್ಯಾಲೆ ನಮ್ಮವ್ವನ ಓವನ್ ಅದ" ಎಂದಳು. ಅಷ್ಟೇ. "ಮಾಡ್ತೀನಿ" ಎಂದು ರೇಣುಕಾ ಅವಳ ಬೆನ್ನಿಗೆ ಹೇಳಿದಳು. ಕೇಳಿಸಿತೋ ಇಲ್ಲವೋ ಗೊತ್ತಾಗಲಿಲ್ಲ.

ಓವನ್ ಹೊಸದೇ ತಂದರೆ ಯಾವ ಗೋಜೂ ಇರಲಿಲ್ಲ. ಶ್ರೀನಿವಾಸನನ್ನು ಕೇಳಿದ್ದಳು. ರೈಲ್ವೆ ಕಚೇರಿಯಲ್ಲಿ ಇಡೀ ದಿನ ಸಹಿ ಹಾಕುವ ಮನುಷ್ಯ ಮನೆಯಲ್ಲಿ ಯಾವುದಕ್ಕೂ ಸಹಿ ಹಾಕುತ್ತಿರಲಿಲ್ಲ. "ನಿನಗ ಹೆಂಗ ತಿಳೀತದ ಹಂಗ ಮಾಡು" ಎಂದ. ತಿಳಿದ ಹಾಗೆ ಮಾಡಿದರೆ ಏನಾಗುತ್ತದೆಂದು ಅವನಿಗೂ ಗೊತ್ತಿತ್ತು. ಹೊಸದು ತಂದರೆ, ನಲಿನಿಯದನ್ನು ಮೂಲೆಗೆ ತಳ್ಳಿದಳು ಎನ್ನುವರು. ಹಳೆಯದರಲ್ಲಿ ಬೇಯಿಸಿ ಹುಡುಗಿಗೆ ಹೊಟ್ಟೆನೋವು ಬಂದರೆ, ವಿಷ ಹಾಕಿದಳು ಎನ್ನುವರು. ಹೆತ್ತ ತಾಯಿಯ ಕೈಯಡಿಗೆಯಿಂದ ಕೂಸಿಗೆ ಹೊಟ್ಟೆನೋವು ಬಂದರೆ ಅದು ಹೊಟ್ಟೆನೋವು. ಇವಳ ಕೈಯಿಂದ ಬಂದರೆ ಅದಕ್ಕೆ ಬೇರೆ ಹೆಸರು. ಡಾಕ್ಟರು ಹುಡುಗಿಯ ಕಾಯಿಲೆಗೆ ಸೀಲಿಯಾಕ್ ಎಂದು ಹೆಸರು ಹೇಳಿ, ಗೋಧಿಯ ಅಂಟು ಈ ಮಗುವಿನ ಕರುಳಿಗೆ ಆಗುವುದಿಲ್ಲ, ಒಂದು ಚೂರೂ ಕೂಡದು, ಗೋಧಿಹಿಟ್ಟು ಜರಡಿ ಹಿಡಿದ ಜರಡಿ ಕೂಡದು, ಚಪಾತಿ ಬೇಯಿಸಿದ ಹಂಚು ಕೂಡದು ಎಂದಾಗ ಶ್ರೀನಿವಾಸ ನೆಲ ನೋಡುತ್ತಿದ್ದ. ರೇಣುಕಾ ತನ್ನ ಕೈ ನೋಡಿಕೊಂಡಿದ್ದಳು. ಈ ಮನೆಯಲ್ಲಿ ಹುಡುಗಿ ಇವಳ ಕೈಯಿಂದ ಸಂತೋಷದಿಂದ ತಿಂದದ್ದು ಒಂದೇ, ಚಪಾತಿ. ಪದರು ಬಿಡುವ ಹಾಗೆ, ತುಪ್ಪ ಸವರಿ, ರಾತ್ರಿಯವರೆಗೆ ಮೆತ್ತಗಿರುವ ಹಾಗೆ. ಅದನ್ನು ಕಲಿಯಲು ಇವಳು ಎಷ್ಟು ಕಣಕ ಹಾಳು ಮಾಡಿದ್ದಳು! ಹುಡುಗಿ ಎರಡು ತಿಂದು ಮೂರನೆಯದಕ್ಕೆ ತಟ್ಟೆ ಮುಂದೆ ಮಾಡಿದ ದಿನ ಬಚ್ಚಲಿಗೆ ಹೋಗಿ ಅತ್ತಿದ್ದಳು. ಆ ರಾತ್ರಿಯೂ ಹುಡುಗಿ ವಾಂತಿ ಮಾಡಿಕೊಂಡಿದ್ದಳು. ಇವಳು ಬೆನ್ನು ಸವರಿ, ದೃಷ್ಟಿ ತೆಗೆದು, ಮರುದಿನ ಶಕ್ತಿ ಬರಲಿ ಎಂದು ಮತ್ತೆ ಚಪಾತಿ ಲಟ್ಟಿಸಿದ್ದಳು. ಇದೆಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಹಳೆಯ ಪಾತ್ರೆಗಳೆಲ್ಲ ಹೋಗಬೇಕು ಎಂದು ಡಾಕ್ಟರು ಹೇಳಿದ ಕ್ಷಣ, ಅಟ್ಟದ ಮೇಲಿನ ಆ ಓವನ್ನೂ ಹೋಗುತ್ತದೆ ಎಂದು ಅವಳ ಎದೆ ಹಗುರಾಗಿತ್ತು. ಅರ್ಧ ಉಸಿರಿನಷ್ಟು ಹೊತ್ತು. ಆದರೆ ಆಗಿತ್ತು.

ಅದಕ್ಕೇ ಮುಚ್ಚಳ. ನಲಿನಿಯ ಓವನ್ನಿನಲ್ಲೇ ಬೇಯಲಿ, ಆದರೆ ಬ್ರೆಡ್ಡು ತನ್ನದೇ ಪೆಟ್ಟಿಗೆಯೊಳಗೆ ಬಾಗಿಲು ಹಾಕಿಕೊಂಡು ಬೇಯಲಿ. ಮೇಲಿನಿಂದ ಹಳೆಯ ಮೈದಾದ ಕಣ ಉದುರಿದರೂ ಮುಚ್ಚಳದ ಮೇಲೆ ಉದುರಲಿ. ಮೊಬೈಲಿನ ವಿಡಿಯೋದಲ್ಲಿ ಒಬ್ಬಾಕೆ ಹೇಳಿದ್ದಳು, ಗೋಧಿ ಇಲ್ಲದ ಹಿಟ್ಟಿಗೆ ತಾನೇ ನಿಲ್ಲುವ ಶಕ್ತಿ ಇಲ್ಲ, ಇಡ್ಲಿ ಹಿಟ್ಟಿನಂತೆ ಹರಿಯುತ್ತದೆ, ಇಸಬಗೋಲ ಹಾಕಿ ಕಟ್ಟಬೇಕು, ಸುತ್ತ ಎತ್ತರದ ಗೋಡೆ ಬೇಕು ಎಂದು. ಇವಳು ಮಡಿಕೆಯ ಡಬ್ಬಿಯನ್ನು ಎತ್ತಿ ಬೆಳಕಿಗೆ ಹಿಡಿದಳು. ಹೊಸದರ ಮಡಿಕೆಯಲ್ಲಿ ಗೋಧಿ ಎಲ್ಲಿಂದ ಬರಬೇಕು? ಬರದ ಹಾಗೆ ತಾನು ಕಾದರಾಯಿತು. ಇದೇ ಇರಲಿ ಎಂದು ಕೆಳಗಿಟ್ಟಳು. ಆಗ ಅಂಗಡಿಯವನು ಬಂದ. ಒಂದು ಕೈಯಲ್ಲಿ ಚಹಾ, ಇನ್ನೊಂದರಲ್ಲಿ ಅರ್ಧ ತಿಂದ ಉಸ್ಮಾನಿಯಾ ಬಿಸ್ಕೆಟ್ಟು. ಬಿಸ್ಕೆಟ್ಟನ್ನು ಬಾಯಿಗೆ ಹಾಕಿಕೊಂಡು, ಅದೇ ಕೈಯನ್ನು ಡಬ್ಬಿಯ ಒಳಗೆ ಹಾಕಿ, ಎಷ್ಟು ಗಟ್ಟಿ ನೋಡಿ ಎಂದು ಒಳಗಿನಿಂದ ತಟ್ಟಿದ.

"ಮುಟ್ಟಬ್ಯಾಡ!" ಎಂದು ಅವಳು ಕೂಗಿದಳು. "ಬಿಸ್ಕಿಟ್ ತಿಂದ ಕೈಯಿ! ತಗೀ ಕೈ! ತಗೀ ಅಂದ್ರ!"

ಕನ್ನಡದಲ್ಲಿ ಕೂಗಿದ್ದಳು. ಆ ಅಂಗಡಿಯಲ್ಲಿ ಯಾರಿಗೂ ಮಾತು ತಿಳಿಯಲಿಲ್ಲ, ಎಲ್ಲರಿಗೂ ದನಿ ತಿಳಿಯಿತು. ಕುಕ್ಕರಿನ ರಬ್ಬರು ಕೊಳ್ಳುತ್ತಿದ್ದ ಹೆಂಗಸು ತನ್ನ ಚೀಲವನ್ನು ಹತ್ತಿರ ಎಳೆದುಕೊಂಡಳು. ಅಂಗಡಿಯವನು ಬಿಸಿ ತಾಗಿದವನ ಹಾಗೆ ಕೈ ಎತ್ತಿ, "ಏಮೈಂದಮ್ಮಾ?" ಎಂದು ಕೇಳಿ, ತನ್ನ ಬೆರಳುಗಳನ್ನು ತಾನೇ ನೋಡಿಕೊಂಡ. ಆ ದನಿ ರೇಣುಕಾಳದಲ್ಲ. ಮದುವೆಯಾಗಿ ಬಂದ ದಿನ, ಬಾಗಲಕೋಟೆಯ ಕಡೆಯ ಹಳ್ಳಿಯಿಂದ ಬಸ್ಸಿನ ಧೂಳು ಹೊತ್ತು ಬಂದು, ಒಳಗೆ ಹೋಗಿ ನೀರು ಕುಡಿಯಬೇಕೆಂದು ಅಡಿಗೆಮನೆಯ ಹೊಸ್ತಿಲಿಗೆ ಕಾಲಿಟ್ಟಾಗ, ನಲಿನಿಯ ತಾಯಿ ಸತ್ಯಭಾಮಾಬಾಯಿ ಒಳಗಿನಿಂದ ಕೈ ಅಡ್ಡ ಹಿಡಿದಿದ್ದರು. "ಅಲ್ಲೇ ನಿಲ್ಲು. ಮುಟ್ಟಬ್ಯಾಡ. ಸೀರಿ ಬದಲಿ ಮಾಡಿ ಬಾ." ಮಡಿ. ಅಷ್ಟು ಜನರೆದುರು. ಈ ಮನೆಯಲ್ಲಿ ಮಡಿಯನ್ನು ಮುರಿದೇ ತೀರುತ್ತೇನೆ ಎಂದು ಅವತ್ತು ಹಲ್ಲು ಕಚ್ಚಿದ್ದವಳು ಇವತ್ತು ಬಜಾರಿನಲ್ಲಿ ನಿಂತು ಗುರುತಿಲ್ಲದವನ ಬೆರಳಿಗೆ ಮಡಿ ಹೇಳುತ್ತಿದ್ದಾಳೆ. "ಮಗೂಗೆ ಬೀಮಾರಿ ಐತಿ" ಎಂದು ಹೇಳಲು ಹೋದಳು, ಹಿಂದಿ ನಾಲಿಗೆಗೆ ಬರಲಿಲ್ಲ. ಹಿಂದೆ ಕಟ್ಟು ಬಿಚ್ಚದೆ ಉಳಿದಿದ್ದ ಎರಡರಲ್ಲಿ ಒಂದನ್ನು ಕೊಡಿ ಎಂದು ಕೈಸನ್ನೆ ಮಾಡಿದಳು. ಅವನು ಈ ಸಲ ಕಾಗದದ ಅಂಚು ಹಿಡಿದು, ಹಾವು ಹಿಡಿದ ಹಾಗೆ, ತಂದು ಕೊಟ್ಟ. ಅದರ ಜೊತೆ ಒಂದು ಹೊಸ ಜರಡಿ, ರಬ್ಬರಿನ ಚಮಚ, ಓವನ್ನಿನೊಳಗೆ ತೂಗುಹಾಕಿ ಬಿಸಿ ನೋಡುವ ಮುಳ್ಳಿನ ಥರ್ಮಾಮೀಟರು. ಹೊರಗೆ ಬಂದಾಗ ಅಂಗಡಿಯೊಳಗೆ ನಗು ಎದ್ದಿತು. ಇನ್ನು ಈ ಜನ್ಮದಲ್ಲಿ ಈ ಅಂಗಡಿಯ ಮೆಟ್ಟಿಲು ಹತ್ತುವುದಿಲ್ಲ ಎಂದುಕೊಂಡಳು.

ಆಟೋದಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದಳು. ಮನೆಗೆ ಬಂದು, ಕೈಕಾಲು ತೊಳೆದು, ದೇವರ ಮನೆಯ ಕಟ್ಟೆಯ ಮೇಲೆ ಇಟ್ಟಳು. ಮನೆಯಲ್ಲಿ ಅದೊಂದೇ ಜಾಗದಲ್ಲಿ ಗೋಧಿ ಎಂದೂ ಬಿದ್ದಿರಲಿಲ್ಲ ಎಂಬ ಧೈರ್ಯ. ಆಮೇಲೆ ಸ್ಟೂಲು ಹಾಕಿ ಅಟ್ಟದಿಂದ ಓವನ್ ಇಳಿಸಿದಳು. ಅದು ನೆನೆಸಿಕೊಂಡಷ್ಟು ಭಾರವಿರಲಿಲ್ಲ. ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ್ದರು, ಬಿಚ್ಚಿದಾಗ ಬೆಣ್ಣೆ ಕಮಟಿದ ವಾಸನೆ ಬಂತು. ಬಿಸಿ ತಿರುಗಿಸುವ ಗುಂಡಿಯ ಸುತ್ತ ಅಂಕಿಗಳಿದ್ದವು. ಅವುಗಳಲ್ಲಿ ಒಂದು ಕಡೆ ಮಾತ್ರ ಬಣ್ಣ ಸವೆದು ಬರೀ ತಗಡು ಕಾಣುತ್ತಿತ್ತು. ನಲಿನಿಯ ಹೆಬ್ಬೆರಳು. ಅವಳು ಯಾವಾಗಲೂ ಅಲ್ಲಿಗೇ ತಿರುಗಿಸುತ್ತಿದ್ದಳು, ಅವಳಿಗೆ ಅಂಕಿ ಬೇಕಿರಲಿಲ್ಲ. ರೇಣುಕಾ ತನ್ನ ಹೆಬ್ಬೆರಳನ್ನು ಆ ಸವೆದ ಜಾಗದಲ್ಲಿ ಇಟ್ಟು, ಚುರುಕ್ಕೆಂದ ಹಾಗೆ ತೆಗೆದಳು. ಗೋಡೆಯ ಮೇಲಿನ ಫೋಟೋದಲ್ಲಿ ನಲಿನಿ ಯಾವಾಗಲೂ ಇವಳ ತಲೆಯ ಮೇಲಿನಿಂದ ಹಿಂದಿರುವ ಯಾರನ್ನೋ ನೋಡುತ್ತಿದ್ದಳು. ಸೋಪು, ಬಿಸಿನೀರು, ತಂತಿಯ ಉಜ್ಜು. ತಟ್ಟೆ ತೊಳೆದಳು, ಜಾಲರಿ ತೊಳೆದಳು, ಒಳಗಿನ ಗೋಡೆ ಒರೆಸಿದಳು. ಹಿಂದಿನ ಮೂಲೆಯಲ್ಲಿ, ಕಾಯಿಸುವ ಸರಳು ಗೋಡೆಗೆ ಸೇರುವಲ್ಲಿ, ಕಪ್ಪಗೆ ಒಂದು ಚೂರು ಅಂಟಿತ್ತು. ಪಿನ್ನು ಹಾಕಿ ಕೆದರಿದಳು. ಉದುರಿ ಅಂಗೈಗೆ ಬಿತ್ತು; ಮೆಣಸಿನ ಕಾಳಿನಷ್ಟು. ಕೇಕಿನದಿರಬೇಕು. ಹುಡುಗಿಯ ಐದನೆಯ ಹುಟ್ಟುಹಬ್ಬಕ್ಕೆ ನಲಿನಿ ಕೇಕು ಮಾಡಿದ್ದಳು, ಅದೇ ಕಡೆಯದು ಎಂದು ಸತ್ಯಭಾಮಾಬಾಯಿ ಎಷ್ಟು ಸಲ ಹೇಳಿಲ್ಲ. ಇದನ್ನು ಏನು ಮಾಡುವುದು? ಮೋರಿಗೆ ಹಾಕಲು ಕೈ ಬರಲಿಲ್ಲ. ಇಟ್ಟುಕೊಂಡರೆ ಅದು ವಿಷ. ಅಂಗೈ ಮುಚ್ಚಿ ಕೂತಿರುವಾಗಲೇ ಬಾಗಿಲ ಗಂಟೆ ಸದ್ದಾಯಿತು.

ಸತ್ಯಭಾಮಾಬಾಯಿ ಬಂದಿದ್ದರು. ಗಂಡನ ಜೊತೆ ತಾರ್ನಾಕದಲ್ಲಿ ಇರುವ ಅವರು ಶ್ರಾವಣದ ಶುಕ್ರವಾರ ಮೊಮ್ಮಗಳನ್ನು ಶಾಲೆಯಿಂದ ಕರೆದುಕೊಂಡು ಬಂದು, ಮನೆಯ ಮುತ್ತೈದೆಗೆ ಕುಂಕುಮ ಹಚ್ಚಿ ಹೋಗುವುದು ರೂಢಿ. ಹಿಂದೆಯೇ ಶರ್ವರಿ, ಹೆಗಲಿಗೆ ಚೀಲ. ಇಬ್ಬರ ಕಣ್ಣೂ ಒಟ್ಟಿಗೇ ನೆಲದ ಮೇಲಿನ ಓವನ್ನಿಗೆ ಬಿದ್ದವು. ಬಾಗಿಲು ತೆರೆದು ಮಲಗಿತ್ತದು, ಸುತ್ತ ಸೋಪಿನ ನೊರೆ.

"ಹೊರಗ ಒಗೀಲಿಕ್ಕೆ ತಗದೀಯೇನು?" ಎಂದರು ಸತ್ಯಭಾಮಾಬಾಯಿ.

"ಇಲ್ರಿ ಅವ್ವಾರ. ತೊಳ್ಯಾಕತ್ತೀನಿ." ಒಡತಿಯರನ್ನು ಊರಲ್ಲಿ ಕರೆಯುವ ಹಾಗೆ ಮೊದಲ ದಿನ ಅವ್ವಾರ ಎಂದದ್ದು ಹಾಗೇ ಉಳಿದಿತ್ತು, ಬೇರೆ ಏನಾದರೂ ಕರಿ ಎಂದು ಅವರೂ ಹೇಳಿರಲಿಲ್ಲ. "ಇದರಾಗನ ಬ್ರೆಡ್ ಮಾಡತೀನಿ. ಅದಕ್ಕ ಮುಚ್ಚಳ ಇದ್ದ ಡಬ್ಬಿ ತಂದೀನಿ. ಸಿಕಂದರಾಬಾದ್ ಪೂರಾ ತಿರುಗಿ." ಅವರು ಓವನ್ನಿನಿಂದ ಕಣ್ಣು ಕೀಳದಿದ್ದುದು ನೋಡಿ ಅವಳಿಗೆ ಇನ್ನೂ ಗಾಬರಿಯಾಯಿತು, ಗಾಬರಿಯಾದರೆ ಬಾಯಿ ನಿಲ್ಲುತ್ತಿರಲಿಲ್ಲ. ಬಿಸ್ಕೆಟ್ಟಿನ ಕಥೆಯನ್ನೂ ಹೇಳಿಬಿಟ್ಟಳು, ತಾನು ಕೂಗಿದ್ದು, ಆ ಹೆಂಗಸು ಚೀಲ ಎಳೆದುಕೊಂಡಿದ್ದು, ಅವನು ಡಬ್ಬಿಯನ್ನು ಹಾವಿನ ಹಾಗೆ ಹಿಡಿದದ್ದು.

ಸತ್ಯಭಾಮಾಬಾಯಿ ಗೋಡೆ ಹಿಡಿದು ನಕ್ಕರು. "ಅಯ್ಯ ನಿನ್ನ! ಅಂಗಡಿಯವಗ ಮಡಿ ಕಲಿಸಿ ಬಂದೀ? ನಾ ಕಲಿಸಿದ್ದು ನಿನಗ ತಾಗಲೇ ಇಲ್ಲ ಅಂತ ಮಾಡಿದ್ದೆ."

"ನಿಮ್ಮ ಮಡಿಗೆ ನೀರು ಹಾಕಿದ್ರ ಹೋಗತಿತ್ರಿ. ಇದು ನೀರಿಗೂ ಹೋಗೂದಿಲ್ಲ."

"ಏನ್ ಕೂಗಿದ್ರಿ?" ಎಂದಳು ಶರ್ವರಿ. ಅವಳ ಮೂಗಿನ ತುದಿ ನಡುಗುತ್ತಿತ್ತು. ನಗು ತಡೆದಾಗ ಹಾಗಾಗುವುದನ್ನು ರೇಣುಕಾ ದೂರದಿಂದ ಎಷ್ಟೋ ಸಲ ನೋಡಿದ್ದಳು, ಹತ್ತಿರದಿಂದ ಇದೇ ಮೊದಲು.

"ಮುಟ್ಟಬ್ಯಾಡ ಅಂದೆ. ಮತ್ತೇನು ಅನ್ನಲಿ?"

ಸತ್ಯಭಾಮಾಬಾಯಿ ಮುಖ ತೊಳೆದುಕೊಂಡು ದೇವರ ಮನೆಗೆ ಹೋಗಿ, "ಬಾ, ಮಣಿ ಹಾಕಿಕೊಂಡು ಕೂಡು" ಎಂದು ಕರೆದರು. ರೇಣುಕಾ ಮುಷ್ಟಿಯಲ್ಲಿದ್ದ ಚೂರನ್ನು ಓವನ್ ಸುತ್ತಿದ್ದ ಬೆಡ್‌ಶೀಟಿನ ಮೇಲೆ ಇಟ್ಟು, ಕೈ ತೊಳೆದು ಬಂದು ಮಣೆಯ ಮೇಲೆ ಕೂತಳು. ಪ್ರತಿ ಶ್ರಾವಣದಲ್ಲೂ ಕೂತಿದ್ದಳು. ಕುಂಕುಮ, ಹೂವು, ಉಡಿಗೆ, ಅಂದರೆ ಮಡಿಲಿಗೆ, ಒಂದು ಹಿಡಿ ಅಕ್ಕಿ. ಆ ಮನೆತನದಲ್ಲಿ ಬೇರೆಯವರ ಮನೆಯ ಹೆಣ್ಣಿಗೆ ಅಕ್ಕಿ, ತಮ್ಮ ಮಗಳಿಗೆ ಗೋಧಿ ಎಂಬುದು ಅವಳಿಗೆ ಗೊತ್ತಿತ್ತು. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ನಲಿನಿಯ ಹಳೆಯ ಫೋಟೋಗಳಲ್ಲಿ ಉಡಿಯೊಳಗಿನ ಕಾಳಿನ ಬಣ್ಣ ನೋಡಿ ತಿಳಿದುಕೊಂಡಿದ್ದಳು. ತಣ್ಣನೆಯ ಬೆರಳು ಹಣೆಗೆ ಕುಂಕುಮ ಇಟ್ಟಿತು. ಸತ್ಯಭಾಮಾಬಾಯಿ ಕಟ್ಟೆಯ ಮೇಲಿನ ಡಬ್ಬಿ ನೋಡಿದರು. "ಇದೇ ಏನು? ಹೊಸಾ ಪಾತ್ರಿ ಬರಿದ ಇಡಬಾರದವ್ವಾ. ಮೊದಲನೇ ಸಲ ತುಂಬಿಸೇ ಇಡಬೇಕು." ಡಬ್ಬಿಯ ಮುಚ್ಚಳ ಸರಿಸಿ ಅವಳ ಮಡಿಲಿಗಿಟ್ಟರು. ತಮ್ಮ ಚೀಲದಿಂದ ಗಂಟು ಬಿಚ್ಚಿದರು. ಬೊಗಸೆ ತುಂಬಿ, ಏನೋ ಗುನುಗುತ್ತ ಸುರಿದರು.

ಕಾಳು ತಗಡಿಗೆ ಬಿದ್ದ ಸದ್ದು ಮಳೆಯ ಮೊದಲ ಹನಿಗಳ ಹಾಗಿತ್ತು. ಆಮೇಲೆ ಅವಳು ಬಣ್ಣ ನೋಡಿದಳು. ಗೋಧಿ. ಎರಡು ವಿಷಯ ಒಂದೇ ಸಲ ಅವಳೊಳಗೆ ಬಂದವು, ಯಾವುದು ಮೊದಲು ಬಂತೆಂದು ಆಮೇಲೆ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ. ಗೋಧಿ ಹಾಕಿದರು. ನನಗೆ ಗೋಧಿ ಹಾಕಿದರು. ಮತ್ತು, ಗೋಧಿ ಹಾಕಿದರು, ಡಬ್ಬಿಗೆ. ಎರಡನೆಯ ಬೊಗಸೆ. ಕಾಳಿನ ಜೊತೆ ಬೂದಿಯಂಥ ಸಣ್ಣ ಧೂಳು ಎದ್ದು, ಸಂಜೆಯ ಬಿಸಿಲಲ್ಲಿ ತೇಲಿ, ಮಡಿಕೆಗಳ ಕಡೆಗೆ, ಅಂಚಿನ ಸುರುಳಿಯ ಕಡೆಗೆ ಇಳಿಯುವುದನ್ನು ಅವಳು ಕಣ್ಣಾರೆ ನೋಡಿದಳು. ಬೆಳಗ್ಗೆ ಯಾರೋ ಒಬ್ಬನ ಎರಡು ಬೆರಳಿಗೆ ಬಜಾರು ಬೆಚ್ಚುವ ಹಾಗೆ ಕೂಗಿದವಳು ಈಗ ಕೂಗಬೇಕಾದ ಒಂದೇ ಒಂದು ಹೊತ್ತಿನಲ್ಲಿ ಡಬ್ಬಿಯ ಅಂಚು ಹಿಡಿದು ಕೂತಿದ್ದಳು. ಬಾಗಿಲಲ್ಲಿ ಶರ್ವರಿ ನಿಂತಿದ್ದಳು. ಅವಳು ಕಾಳು ನೋಡುತ್ತಿರಲಿಲ್ಲ, ಅಜ್ಜಿಯನ್ನು ನೋಡುತ್ತಿರಲಿಲ್ಲ. ರೇಣುಕಾಳ ಮುಖವನ್ನೇ ನೋಡುತ್ತಿದ್ದಳು. ಎದುರಿಗೆ ನಿಂತು, ತಿರುಗಿ ನೋಡುವವರೆಗೂ ಕಾಯುವ ಅದೇ ನೋಟ. ಸುಮ್ಮನಿದ್ದರೆ ಈ ಮನೆಯ ಮಗಳಾಗಬಹುದು. ರಾತ್ರಿ ಡಬ್ಬಿಯನ್ನು ಚೆನ್ನಾಗಿ ತೊಳೆದು, ಏನೂ ಆಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಅದರಲ್ಲೇ ಬೇಯಿಸಬಹುದು. ಹುಡುಗಿ ಹಲ್ಲು ಕಚ್ಚಿಕೊಂಡು ತಿಂದಾಳು. ಮೂರನೆಯ ಬೊಗಸೆಗೆ ಸತ್ಯಭಾಮಾಬಾಯಿಯ ಕೈ ಗಂಟಿನೊಳಗೆ ಹೋಯಿತು.

ರೇಣುಕಾ ಅವರ ಮಣಿಕಟ್ಟು ಹಿಡಿದಳು. ಮಡಿಯಲ್ಲಿದ್ದ ಕೈಯದು, ಈ ಮನೆಗೆ ಬಂದಾಗಿನಿಂದ ಒಮ್ಮೆಯೂ ಮುಟ್ಟಿರಲಿಲ್ಲ. ಆಮೇಲೆ ಡಬ್ಬಿಯನ್ನು ಎತ್ತಿ, ಒಳಗಿದ್ದುದನ್ನೆಲ್ಲ ತನ್ನ ಸೆರಗಿಗೆ ಸುರಿದುಕೊಂಡಳು. ಒಂದು ಕಾಳೂ ನೆಲಕ್ಕೆ ಬೀಳಲಿಲ್ಲ. ಸೆರಗಿನ ಚುಂಗನ್ನು ಗಟ್ಟಿಯಾಗಿ ಒಟ್ಟುಗೂಡಿಸಿ ಹಿಡಿದು, "ಉಡಿ ಸೆರಗಿನ್ಯಾಗ ತುಂಬ್ರಿ ಅವ್ವಾರ. ಡಬ್ಬಿ ನಂದಲ್ಲ, ಆಕೀದು" ಎಂದು ಬಾಗಿಲಲ್ಲಿದ್ದ ಹುಡುಗಿಯ ಕಡೆ ಗದ್ದ ಎತ್ತಿದಳು.

ಸತ್ಯಭಾಮಾಬಾಯಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ಮುಖ ಕೆಂಪಾಯಿತು. "ಇದು ತಿನ್ನೂದಲ್ಲಲ್ಲಾ, ಉಡಿ..." ಎಂದು ಶುರುಮಾಡಿ, ಮೊಮ್ಮಗಳ ಕಡೆ ನೋಡಿ, ನಿಲ್ಲಿಸಿದರು. ಡಬ್ಬಿಯನ್ನು ಕೈಗೆ ತೆಗೆದುಕೊಂಡು ಮಡಿಕೆಯಲ್ಲಿ ಉಗುರು ಆಡಿಸಿದರು. ಉಗುರಿನ ತುದಿಗೆ ಬೆಳ್ಳಗೆ ಹತ್ತಿತು. ಇಡೀ ಜನ್ಮ ಯಾವುದಕ್ಕೆ ಎಷ್ಟು ಸಲ ನೀರು ಹಾಕಬೇಕೆಂದು ಊರಿಗೆಲ್ಲ ಹೇಳುತ್ತ ಬಂದವರು ಮೆಲ್ಲಗೆ ಕೇಳಿದರು, "ಎಷ್ಟು ಸಲ ತೊಳದರ ಶುದ್ಧ ಆಗತದವಾ?"

"ಗೊತ್ತಿಲ್ರಿ," ಎಂದಳು ರೇಣುಕಾ. "ನನಗೂ ಯಾರೂ ಹೇಳಿಲ್ಲ. ಅದನ್ನ ನಿಮ್ಮ ಮನಿಗೆ ಒಯ್ರಿ, ಕಾಳು ಹಾಕಿ ಇಡಾಕ ಆಗತೈತಿ. ಅಂಗಡ್ಯಾಗ ಇನ್ನೊಂದು ಐತಿ. ಒಂದ ಐತಿ. ಹೋಗಿ ತರತೀನಿ."

"ಅದ ಅಂಗಡಿಗೆ?"

"ಅದ ಅಂಗಡಿಗೆ."

ಸತ್ಯಭಾಮಾಬಾಯಿ ಉಳಿದ ಬೊಗಸೆಯನ್ನು ಅವಳ ಸೆರಗಿಗೇ ಹಾಕಿದರು. ಎರಡು ಕಾಳು ಹೊರಗೆ ಬಿದ್ದವು, ಅವರೇ ಬಗ್ಗಿ ಹೆಕ್ಕಿದರು. ಅಂಗಡಿಯವನ ನಗು ಈಗಲೇ ಕಿವಿಯಲ್ಲಿ ಕೇಳಿಸುತ್ತಿತ್ತು ರೇಣುಕಾಗೆ. ಆ ಇನ್ನೊಂದನ್ನು ಯಾರಾದರೂ ಒಯ್ದಿದ್ದರೆ? ಅವನು ಸಿಟ್ಟಿನಿಂದ, ಇಲ್ಲ ಎಂದುಬಿಟ್ಟರೆ? ನೀರು ಕುಡಿದು ಹೊರಡೋಣವೆಂದು ಎದ್ದು, ಉಡಿಯನ್ನು ಹೊಟ್ಟೆಗೆ ಅವಚಿಕೊಂಡು ಅಡಿಗೆಮನೆಯ ಕಡೆ ನಡೆದಳು.

"ಅಲ್ಲೇ ನಿಲ್ರಿ."

ಹುಡುಗಿ ಅಷ್ಟರಲ್ಲೇ ಒಳಗೆ ಹೋಗಿದ್ದಳು. ಹೊಸ್ತಿಲಿನ ಆಚೆ ನಿಂತು, ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಎಲುಬಿನಂಥ ಕೈ ಚಾಚಿದ್ದಳು. "ಏನೂ ಮುಟ್ಟಬ್ಯಾಡ್ರಿ. ಸೀರಿ ತುಂಬಾ ಗೋಧಿ. ಬದಲಿ ಮಾಡಿ ಬರ್ರಿ."

ರೇಣುಕಾ ನಿಂತಳು. ಹಿಂದಿನಿಂದ ಸತ್ಯಭಾಮಾಬಾಯಿಯ ಉಸಿರು ಕೇಳಿಸಿತು, ಅವರೂ ನಿಂತಿದ್ದರು. ಹುಡುಗಿ ಒಂದು ಲೋಟ ನೀರು ತುಂಬಿ, ಹೊಸ್ತಿಲಿನ ಮೇಲೆ ಇಟ್ಟು, ಬೆರಳು ತಾಗದ ಹಾಗೆ ಹಿಂದೆ ಸರಿದಳು.

"ಲಗೂ ಮಾಡ್ರಿ," ಎಂದಳು. "ಅಂಗಡಿ ಮುಚ್ಚತದ. ನಾನೂ ಬರ್ತೀನಿ."

ರೇಣುಕಾ ನೀರು ತೆಗೆದುಕೊಳ್ಳಲು ಬಗ್ಗಿದಳು. ಎರಡೂ ಕೈ ಸೆರಗು ಹಿಡಿದಿದ್ದವು. ಬಿಟ್ಟರೆ ಕಾಳು ಆ ಹೊಸ್ತಿಲಿನ ಮೇಲೆಯೇ ಚೆಲ್ಲುತ್ತಿದ್ದವು. ಹಿಡಿದುಕೊಂಡೇ, ಬಗ್ಗಿದವಳು ಬಗ್ಗಿದ ಹಾಗೆಯೇ, ಇಷ್ಟು ವರ್ಷ ಕಾದು ಸಿಕ್ಕ ಆ ಗೋಧಿಯನ್ನು ಈ ಮನೆಯಲ್ಲಿ ಎಲ್ಲಿ ಇಳಿಸಬೇಕೆಂದು ತಿಳಿಯದೆ, ಸುತ್ತ ನೋಡಿದಳು.